ಜೀತದ ಹುಡುಗ ಮತ್ತು ಓದುವ ಹುಡುಗ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ತೋವಿನಕೆರೆಯ ಸುತ್ತಿನ ಊರುಗಳಲ್ಲಿ ಹುಣಸೆಯ ಸುಗ್ಗಿ. ಮರ ಬಡಿದು ಉದುರಿಸಿದ ಹಣ್ಣು ಮನೆಗೆ ಬರುತ್ತದೆ. ಓಡು ಒಡೆದು, ನಾರು ಎಳೆದು, ಕುಟ್ಟಿ ಬೀಜ ತೆಗೆದು, ಉಂಡೆ ಕಟ್ಟಿ ತುಮಕೂರಿನ ಮಂಡಿಗೆ ಕಳುಹಿಸುವವರೆಗೆ ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸುಗ್ಗಿಯ ಕಾಲದಲ್ಲಿ ಆ ಕಡೆಯ ಒಂದು ಶಾಲೆಯ ಮಕ್ಕಳೊಡನೆ ಅರ್ಧ ದಿನ ಕಳೆಯುವ ಅವಕಾಶ ನನಗೆ ಒದಗಿತು. ಬಾಲಕಾರ್ಮಿಕ ಪದ್ಧತಿಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಮೇಷ್ಟರು ಕೇಳಿಕೊಂಡಿದ್ದರು. ನಾನು ಕಾನೂನು ಹೇಳಿದೆ, ಇಸವಿ ಹೇಳಿದೆ, ಅಂಕಿಸಂಖ್ಯೆ ಹೇಳಿದೆ. ಮಕ್ಕಳು ವಿನಯದಿಂದ ಕೇಳಿದರು. ಕೊನೆಗೆ, “ನಿಮ್ಮಲ್ಲಿ ಯಾರಾದರೂ ಕೆಲಸ ಮಾಡುವವರಿದ್ದೀರಾ?” ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ಆದರೆ ಎರಡನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಹುಳಿ ತಾಗಿ ಸುಲಿದಿದ್ದ ತನ್ನ ಬೆರಳುಗಳನ್ನು ಮೆಲ್ಲಗೆ ಲಂಗದ ಮಡಿಲಲ್ಲಿ ಮುಚ್ಚಿಕೊಂಡಳು.

ನಾನು ಆ ದಿನ ಹೇಳಿದ್ದೆಲ್ಲ ಸತ್ಯವೇ ಆಗಿತ್ತು. ಆದರೂ ಆ ಸತ್ಯ ಆ ಹುಡುಗಿಗೆ ನಾಚಿಕೆಯನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಓದುವ ಮಕ್ಕಳಿಗೆ ದುಡಿಯುವ ಮಕ್ಕಳ ಚರಿತ್ರೆಯನ್ನು ತಿಳಿಸುವುದು ಹೇಗೆ? ಓದುವವರೂ ದುಡಿಯುವವರೂ ಒಂದೇ ಬೆಂಚಿನ ಮೇಲೆ ಕುಳಿತಿರುವಾಗ ಅದನ್ನು ಹೇಳುವ ಬಗೆ ಯಾವುದು? ಇದಕ್ಕೆ ಕಥೆಯೇ ಒಳ್ಳೆಯ ದಾರಿ ಎಂದು ಈಚೆಗೆ ನನಗೆ ತೋರಿದೆ. ಹಾಗೆ ತೋರಿದ ಕಾರಣಗಳನ್ನು ನಮ್ಮ ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ನಿಮ್ಮ ಮುಂದಿಡಲು ಈ ಹೊತ್ತಿನಲ್ಲಿ ಬಯಸುತ್ತೇನೆ.

ಮೊದಲು ಒಂದು ಶಬ್ದದ ಮಾತು. ‘ಜೀತ’ ಎಂಬುದು ‘ಜೀವಿತ’ ಎಂಬ ಸಂಸ್ಕೃತ ಶಬ್ದದ ತದ್ಭವ. ಬದುಕಿಗೆ ಆಧಾರವಾದದ್ದು, ಅಂದರೆ ಸಂಬಳ, ಎಂಬುದೇ ಅದರ ಹಳೆಯ ಅರ್ಥ. ಬದುಕು ಎಂಬ ಅರ್ಥದ ಮಾತೇ ಕ್ರಮೇಣ ಬದುಕನ್ನು ಒತ್ತೆಯಿಡುವುದಕ್ಕೆ ಹೆಸರಾಗಿ ನಿಂತುದು ನಮ್ಮ ಸಮಾಜದ ಕಥೆಯನ್ನು ಸೂಚಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ‘ಜೀತಕ್ಕಿಡುವುದು’ ಎಂದರೆ ಯಾರೂ ಅರ್ಥ ಕೇಳಬೇಕಾಗಿರಲಿಲ್ಲ. ಮದುವೆಗೋ ಸಾವಿಗೋ ಬಿತ್ತನೆಗೋ ತಂದೆ ಸಾಲ ತರುತ್ತಾನೆ. ತೀರಿಸಲು ಹೊಲವಿಲ್ಲ, ಇದ್ದ ಹೊಲಕ್ಕೆ ಮಳೆಯಿಲ್ಲ. ಯುಗಾದಿಯ ಮಾರನೆಯ ದಿನ ಮಗ ಸಾಲ ಕೊಟ್ಟವನ ಕೊಟ್ಟಿಗೆಗೆ ಬರುತ್ತಾನೆ. ದನ ಕಾಯುವುದು, ಸಗಣಿ ಬಾಚುವುದು, ತಿಪ್ಪೆಗೆ ಹೊರುವುದು ಅವನ ಪಾಲು. ಮುದ್ದೆ, ವರ್ಷಕ್ಕೊಂದು ಜೊತೆ ಬಟ್ಟೆ, ಒಂದು ಕಂಬಳಿ ಅವನ ಸಂಬಳ. ಅಸಲು ಹಾಗೆಯೇ ಉಳಿಯುತ್ತದೆ. ತಮ್ಮ ಬೆಳೆದು ಅಣ್ಣನ ಜಾಗಕ್ಕೆ ಬರುವವರೆಗೂ ಉಳಿಯುತ್ತದೆ.

ಇದು ಯಾರೋ ಕೆಲವರ ಕೆಡುಕುತನದಿಂದ ಮಾತ್ರ ಹುಟ್ಟಿದ್ದಲ್ಲ. ಈ ನಾಲ್ಕು ತಾಲೂಕುಗಳು ಬರದ ಸೀಮೆ. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮಳೆ ಹೋದ ವರ್ಷ ದನ ಹೋಗುತ್ತದೆ, ದನ ಹೋದ ವರ್ಷ ಹೊಲ ಹೋಗುತ್ತದೆ, ಹೊಲ ಹೋದ ಮನೆಯಲ್ಲಿ ಒತ್ತೆಯಿಡಲು ಉಳಿಯುವುದು ಮಕ್ಕಳ ತೋಳು ಮಾತ್ರ. ಅದರ ಮೇಲೆ ಜಾತಿಯ ಕಟ್ಟಳೆ. ಜೀತಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳಿಂದ ಬಂದವರು ಎಂಬುದನ್ನು ಮರೆಮಾಚಿ ಹೇಳಿದ ಚರಿತ್ರೆ ಚರಿತ್ರೆಯಾಗಲಾರದು.

ಇನ್ನು ಕಾನೂನಿನ ಕಥೆ. ಬ್ರಿಟಿಷ್ ಇಂಡಿಯಾದಲ್ಲಿ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು, ಏಳರಿಂದ ಹನ್ನೆರಡರವರೆಗಿನವರನ್ನು ದಿನಕ್ಕೆ ಒಂಬತ್ತು ಗಂಟೆಗೆ ಮೀರಿ ದುಡಿಸಬಾರದು ಎಂದು ಅದು ವಿಧಿಸಿತು. ಏಳು ವರ್ಷದ ಮಗು ಒಂಬತ್ತು ಗಂಟೆ ದುಡಿಯುವುದು ಅಂದಿನ ಕಣ್ಣಿಗೆ ದಯೆಯ ಏರ್ಪಾಡಾಗಿ ಕಂಡಿತ್ತು ಎಂಬುದನ್ನು ಗಮನಿಸಬೇಕು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. 1912ರಲ್ಲಿ ಅದು ಬಿದ್ದುಹೋಯಿತು. ಮರುವರ್ಷವೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನ ತನ್ನದೇ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ನನ್ನು ತಂದು ಆಯ್ದ ಕೆಲವು ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣವನ್ನು ಆರಂಭಿಸಿತು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಆಯ್ದ ಸ್ಥಳಗಳ ಆಚೆಗೆ ಕೊಟ್ಟಿಗೆಗಳು ಸಾವಿರಾರು ಇದ್ದವು.

1933ರಲ್ಲಿ, ವಿಟ್ಲಿ ಆಯೋಗವೆಂದು ಹೆಸರಾದ ಕಾರ್ಮಿಕ ಆಯೋಗದ ವರದಿಯ ಫಲವಾಗಿ, ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂತು. ಹದಿನೈದು ವರ್ಷದೊಳಗಿನ ಮಗುವಿನ ದುಡಿಮೆಯನ್ನು ಸಾಲಕ್ಕೆ ಈಡಾಗಿ ಬರೆದುಕೊಟ್ಟ ಕರಾರು ಅಸಿಂಧು. ಬರೆದುಕೊಟ್ಟ ತಂದೆಗೆ 50 ರೂಪಾಯಿಗಳವರೆಗೆ, ಬರೆಸಿಕೊಂಡವನಿಗೆ 200 ರೂಪಾಯಿಗಳವರೆಗೆ ದಂಡ. ಕಾಗದದ ಮೇಲೆ ಇದು ಸ್ಪಷ್ಟವಾದ ಮಾತು. ಆದರೆ ನಮ್ಮ ಹಳ್ಳಿಗಳಲ್ಲಿ ಜೀತದ ಕರಾರನ್ನು ಕಾಗದದ ಮೇಲೆ ಬರೆದವರು ಯಾರು? ಅದು ಜಗಲಿಯ ಮೇಲೆ ಕುಳಿತವನ ಬಾಯಿಮಾತು, ಜಗಲಿಯ ಕೆಳಗೆ ನಿಂತವನ ತಲೆದೂಗು. ಕಾಗದವಿಲ್ಲದ ಕಡೆ ಕಾಗದದ ಕಾನೂನು ಏನು ಮಾಡೀತು?

ಇಲ್ಲಿ ಸಾಹಿತ್ಯದ ಚರಿತ್ರೆ ನಮ್ಮನ್ನು ನಿಲ್ಲಿಸಿ ಒಂದು ಸಂಗತಿಯನ್ನು ತೋರಿಸುತ್ತದೆ. ಆ ಕಾಯಿದೆ ಬಂದ 1933ರಲ್ಲಿಯೇ ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಯಿತು. ಕಾದಂಬರಿ ನಡೆಯುವ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಕಾಯಿದೆ ಅಲ್ಲಿಗೂ ಅನ್ವಯವಾಗುತ್ತಿತ್ತು. ಆದರೆ ಚೋಮನ ಗುಡಿಸಲಿಗೆ ಅದರ ಸುದ್ದಿ ಮುಟ್ಟಿದಂತಿಲ್ಲ. ಅಪ್ಪನ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬನನ್ನು ಜ್ವರ ಕೊಲ್ಲುತ್ತದೆ, ಮಗಳು ಬೆಳ್ಳಿ ತನ್ನದಲ್ಲದ ಸಾಲಕ್ಕೆ ತನ್ನನ್ನೇ ತೆರಬೇಕಾಗುತ್ತದೆ. ಸಾಲ ಎಂಬುದು ತಂದೆಯಿಂದ ಮಕ್ಕಳಿಗೆ ಇಳಿಯುವ ಬಗೆಯನ್ನು ಯಾವ ವರದಿಯೂ ಹೀಗೆ ಕಾಣಿಸಿರಲಿಲ್ಲ. ಇನ್ನೂ ಒಂದು ಯೋಗಾಯೋಗವನ್ನು ಹೇಳಬೇಕು. ಅದೇ ಕಾದಂಬರಿಯನ್ನು ಬಿ. ವಿ. ಕಾರಂತರು ಚಲನಚಿತ್ರವಾಗಿ ತಂದದ್ದು 1975ರಲ್ಲಿ. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಜೀತ ಪದ್ಧತಿಯನ್ನು ರದ್ದುಪಡಿಸುವ ಸುಗ್ರೀವಾಜ್ಞೆ ಬಂದದ್ದೂ 1975ರ ಅಕ್ಟೋಬರ್ ತಿಂಗಳಿನಲ್ಲಿಯೇ.

ಆ ಸುಗ್ರೀವಾಜ್ಞೆ 1976ರಲ್ಲಿ ಕಾಯಿದೆಯಾಯಿತು. ದೇಶದ ಬೇರೆ ಬೇರೆ ಕಡೆ ಈ ಪದ್ಧತಿಗಿದ್ದ ಹೆಸರುಗಳ ಒಂದು ಪಟ್ಟಿಯೇ ಅದರಲ್ಲಿದೆ. ಆ ಪಟ್ಟಿಯಲ್ಲಿ ನಮ್ಮ ‘ಜೀತ’ವೂ ಇದೆ. ಜೀತಕ್ಕೆ ಕಾರಣವಾದ ಸಾಲ ಅಲ್ಲಿಗೇ ಅಳಿಯಿತು. ಜೀತಕ್ಕೆ ಹಚ್ಚಿದವನಿಗೆ ಮೂರು ವರ್ಷಗಳವರೆಗೆ ಸೆರೆ, 2000 ರೂಪಾಯಿಗಳವರೆಗೆ ದಂಡ. ಕರ್ನಾಟಕದಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲ ಅದು. ಭೂಸುಧಾರಣೆಯ ತಿದ್ದುಪಡಿಯೂ ಋಣಪರಿಹಾರದ ಕಾಯಿದೆಯೂ ಅದರ ಆಸುಪಾಸಿನಲ್ಲಿಯೇ ಬಂದವು. ಒಂದೇ ಹೊಡೆತಕ್ಕೆ ಎಲ್ಲ ಕೊಟ್ಟಿಗೆಗಳೂ ತೆರೆದುಕೊಂಡವು ಎಂದಲ್ಲ. ಆದರೆ ಹಿಂದೆ ವಿಧಿಯೆಂದು ತಲೆಬಾಗುತ್ತಿದ್ದ ತಂದೆ ಈಗ, “ಇದು ಅಪರಾಧ” ಎನ್ನಬಹುದಾಗಿತ್ತು. ಆ ಮಾತು ಕೈಗೆ ಬಂದುದೇ ದೊಡ್ಡದು.

ಮಕ್ಕಳ ಮಟ್ಟಿಗೆ ದಾರಿ ಇನ್ನೂ ಉದ್ದವಾಗಿತ್ತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತವಾದ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತ್ತು. ಆ ಶಿಕ್ಷಣ ಮೂಲಭೂತ ಹಕ್ಕಾದದ್ದು 2002ರ ತಿದ್ದುಪಡಿಯಿಂದ. ಅದಕ್ಕೆ ಬೇಕಾದ ಕಾಯಿದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. 1986ರ ಬಾಲಕಾರ್ಮಿಕ ಕಾಯಿದೆ ಅಪಾಯಕರವೆಂದು ಹೆಸರಿಸಿದ ಕೆಲವು ಉದ್ಯೋಗಗಳಿಂದ ಮಾತ್ರ ಮಕ್ಕಳನ್ನು ದೂರವಿಟ್ಟಿತು. ಬೀಡಿ, ಬೆಂಕಿಪೊಟ್ಟಣ, ಜಮಖಾನೆ ಅದರ ಕಣ್ಣಿಗೆ ಬಿದ್ದವು. ದನ ಕಾಯುವ ಹುಡುಗ ಬೀಳಲಿಲ್ಲ. ಹದಿನಾಲ್ಕರೊಳಗಿನವರನ್ನು ಯಾವುದೇ ಉದ್ಯೋಗಕ್ಕೆ ಹಚ್ಚಬಾರದೆಂಬ ನಿಯಮ ಬಂದದ್ದು 2016ರ ತಿದ್ದುಪಡಿಯಿಂದ. ಶಾಲೆಯ ವೇಳೆಯ ಹೊರಗೆ ಮನೆತನದ ಕೆಲಸಕ್ಕೆ ನೆರವಾಗುವುದಕ್ಕೆ ಅದರಲ್ಲಿಯೂ ಅವಕಾಶವಿದೆ. ನಮ್ಮ ಹುಣಸೆಯ ಹುಡುಗಿ ಈ ಅವಕಾಶದ ಹೊಸ್ತಿಲ ಮೇಲೆ ಕುಳಿತಿದ್ದಾಳೆ. ದೇಶದ ಲೆಕ್ಕ ನೋಡಿದರೆ, ಐದರಿಂದ ಹದಿನಾಲ್ಕು ವರ್ಷದ ದುಡಿಯುವ ಮಕ್ಕಳು 2001ರ ಜನಗಣತಿಯಲ್ಲಿ 1 ಕೋಟಿ 26 ಲಕ್ಷ. 2011ರಲ್ಲಿ ಸುಮಾರು 1 ಕೋಟಿ 1 ಲಕ್ಷ. ಇಳಿದಿದೆ, ಅಳಿದಿಲ್ಲ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎನ್ನುವ ಗಾದೆ ನಮ್ಮ ಕಡೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಚರಿತ್ರೆಯನ್ನು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಹೇಳಬೇಕು. ಕಾನೂನು ಅವರಿಗೆ ಅಪರಾಧವನ್ನು ತೋರಿಸುತ್ತದೆ, ಅಂಕಿ ಅವರಿಗೆ ಗುಂಪನ್ನು ತೋರಿಸುತ್ತದೆ. ಒಂದು ಮಗುವನ್ನು ತೋರಿಸಲು ಕಥೆಯೇ ಬೇಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ. ಅದನ್ನು ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನ ಬದುಕಿನಿಂದ ತಿಳಿಯಬಹುದು. 1824ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಅವನನ್ನು ಬೂಟಿಗೆ ಬಳಿಯುವ ಕಪ್ಪು ಮಸಿ ತಯಾರಿಸುವ ಒಂದು ಕಾರ್ಖಾನೆಗೆ ಸೇರಿಸಿದರು. ಡಬ್ಬಿಗಳಿಗೆ ಚೀಟಿ ಅಂಟಿಸುವುದು ಅವನ ಕೆಲಸ. ಸಾಲ ತೀರಿಸಲಾಗದ ತಂದೆ ಸಾಲಗಾರರ ಸೆರೆಮನೆ ಸೇರಿದ್ದ. ಮುಂದೆ ಲೋಕವೆಲ್ಲ ಓದುವ ಕಾದಂಬರಿಕಾರನಾದ ಮೇಲೂ ಡಿಕನ್ಸ್ ಈ ಸಂಗತಿಯನ್ನು ಮಕ್ಕಳೆದುರು ಆಡಲಿಲ್ಲ. ಆಪ್ತಮಿತ್ರ ಫಾರ್ಸ್ಟರ್‌ಗೆ ಮಾತ್ರ ತಿಳಿಸಿದ್ದ. 1870ರಲ್ಲಿ ಡಿಕನ್ಸ್ ತೀರಿಕೊಂಡ ಮೇಲೆಯೇ, ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಅದು ಹೊರಬಿತ್ತು. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಒಬ್ಬ ಹುಡುಗನನ್ನು ಸೀಸೆ ತೊಳೆಯುವ ಕೆಲಸಕ್ಕೆ ಹಚ್ಚಿ ಅವನು ಎಲ್ಲವನ್ನೂ ಹೇಳಿಬಿಟ್ಟಿದ್ದ. ತನ್ನದೆಂದು ಹೇಳಲು ನಾಚಿಕೆಯಾದದ್ದನ್ನು ಇನ್ನೊಬ್ಬನದೆಂದು ಹೇಳಲು ಸಾಧ್ಯವಾಯಿತು. ಡಿಕನ್ಸನಿಗೇ ಇಲ್ಲದ ಎದೆಗಾರಿಕೆಯನ್ನು ನಾವು ಎರಡನೆಯ ಸಾಲಿನ ಹುಡುಗಿಯಿಂದ ಕೇಳಬಹುದೆ? ಆಕೆ ಕೈ ಎತ್ತುವುದಿಲ್ಲ. ಆದರೆ ಕಥೆಯ ಹುಡುಗಿಯ ಬೆರಳು ಏಕೆ ಸುಲಿದಿದೆ ಎಂದು ಕೇಳಿದರೆ, ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳುವವಳು ಆಕೆಯೇ.

ಆದರೆ ನಮ್ಮ ಮಕ್ಕಳಿಗೆ ಇಂಥ ಕಥೆಗಳು ಎಷ್ಟು ಸಿಕ್ಕಿವೆ? ನನ್ನ ತಲೆಮಾರು ಓದಿ ಬೆಳೆದದ್ದು ‘ಚಂದಮಾಮ’ವನ್ನು. ಕನ್ನಡದಲ್ಲಿ ಅದು 1949ರಿಂದ ಬಂತು. ಅದರ ಋಣ ದೊಡ್ಡದು. ಅಂಥ ಕಥೆಗಳಲ್ಲಿಯೂ ಬಡ ಹುಡುಗನಿದ್ದ. ಆದರೆ ಅವನಿಗೆ ನಿಧಿ ಸಿಗುತ್ತಿತ್ತು, ಇಲ್ಲವೆ ರಾಜ ಮೆಚ್ಚುತ್ತಿದ್ದ. ಬಡತನ ಕಥೆಯ ಮೊದಲ ಸಾಲಿನಲ್ಲಿದ್ದು ಕೊನೆಯ ಸಾಲಿನಲ್ಲಿ ಮಾಯವಾಗುತ್ತಿತ್ತು. ದುಡಿಮೆಗೆ ಸಿಕ್ಕಿದ ಹುಡುಗನನ್ನು ಯಾವ ನಿಧಿಯೂ ಇಲ್ಲದೆ ಕೊನೆಯವರೆಗೆ ಹಿಂಬಾಲಿಸಿದ ಕೃತಿಗಳು ದೊಡ್ಡವರ ಸಾಹಿತ್ಯದಲ್ಲಿವೆ. 1936ರಲ್ಲಿ ಬಂದ ಮುಲ್ಕ್ ರಾಜ್ ಆನಂದರ ಇಂಗ್ಲಿಷ್ ಕಾದಂಬರಿ ‘ಕೂಲಿ’ಯ ಮುನ್ನೂ ಅಂಥ ಹುಡುಗ: ಮನೆಗೆಲಸ, ಉಪ್ಪಿನಕಾಯಿಯ ಕಾರ್ಖಾನೆ, ಮುಂಬಯಿಯ ಗಿರಣಿ, ಸಿಮ್ಲಾದ ರಿಕ್ಷಾ ಎಲ್ಲವನ್ನೂ ಎಳೆದು ಕ್ಷಯದಿಂದ ಸಾಯುತ್ತಾನೆ. ಕಥೆಯಲ್ಲದಿದ್ದರೂ ಕಥೆಯಷ್ಟೇ ಮನಮುಟ್ಟುವುದು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಎತ್ತಿನ ಬದಲು ತಂದೆಯ ಹೆಗಲ ಮೇಲೆ ನೊಗವಿದ್ದುದನ್ನು ಕಂಡ ಬಾಲಕನ ನೆನಪು ಅದರಲ್ಲಿದೆ. ಇಂಥ ಭಾಗಗಳನ್ನು ಆರಿಸಿ, ಮಕ್ಕಳ ವಯಸ್ಸಿಗೆ ಒಗ್ಗುವಂತೆ ಹೇಳುವ ಕೆಲಸ ಮೇಷ್ಟರದು, ತಾಯಿತಂದೆಯರದು.

ಹಳೆಯ ಕಥೆಯನ್ನು ಹೊಸ ಕಣ್ಣಿನಿಂದ ಓದುವುದೂ ಒಂದು ದಾರಿಯೆ. ಅದನ್ನು ನನಗೆ ಕಲಿಸಿದವನು ಒಬ್ಬ ಜೀತದ ಹುಡುಗ. 1960ರ ದಶಕದ ಮಾತು. ನಮ್ಮ ಮನೆಯಲ್ಲಿಯೂ ಒಂದು ಕೊಟ್ಟಿಗೆಯಿತ್ತು, ಯುಗಾದಿಯ ಮಾರನೆಯ ದಿನ ಬಂದ ಒಬ್ಬ ಹುಡುಗನಿದ್ದ. ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಸಂಜೆ ದನ ಕಟ್ಟಿದ ಮೇಲೆ, ಅಂದಿನ ಪಾಠದ ಕಥೆಯನ್ನು ಹೇಳೆಂದು ನನ್ನನ್ನು ಕೇಳುತ್ತಿದ್ದ. ಒಂದು ಸಂಜೆ ಗೋವಿನ ಹಾಡಿನ ಕಥೆ ಹೇಳಿದೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗಿದ್ದನ್ನು, ಹುಲಿ ಪ್ರಾಣ ಬಿಟ್ಟದ್ದನ್ನು ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವನು ಎಲ್ಲವನ್ನೂ ಕೇಳಿ, “ಅವತ್ತು ಸಾಯಂಕಾಲ ಹಸ ಹೊತ್ತಿಗೆ ಸರಿಯಾಗಿ ಬರ್ಲಿಲ್ವಲ್ಲ, ಆ ಗೊಲ್ಲಂಗೆ ಎಷ್ಟು ಏಟು ಬಿತ್ತು?” ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಹಿಂದಿನ ವಾರ ಒಂದು ಕರು ತಪ್ಪಿಸಿಕೊಂಡಿದ್ದಕ್ಕೆ ನಮ್ಮ ಮನೆಯಲ್ಲಿ ಅವನಿಗೆ ಬಿದ್ದ ಏಟನ್ನು ನಾನೂ ನೋಡಿದ್ದೆ.

ಸತ್ಯದ ಮಹಿಮೆಯನ್ನು ಸಾರುವ ಆ ಹಾಡಿನ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಪ್ರತಿಯೊಂದು ಕಥೆಯ ಅಂಚಿನಲ್ಲಿಯೂ ಕಥೆ ತಾನಾಗಿ ವಿಚಾರಿಸದ ಒಂದು ಮಗು ನಿಂತಿರುತ್ತದೆ. ಆ ಮಗುವನ್ನು ವಿಚಾರಿಸಲು ಕಲಿಸುವುದೇ ನಾವು ಎಳೆಯರಿಗೆ ಕೊಡಬಹುದಾದ ಚರಿತ್ರೆಯ ಮೊದಲ ಪಾಠ.

ಹೀಗೆ ಕಥೆ ಹೇಳುವಾಗ ಕೆಲವು ಎಚ್ಚರಗಳು ಬೇಕು. ಮೊದಲನೆಯದು, ಕಥೆ ಕನಿಕರದಲ್ಲಿ ಮುಗಿಯಬಾರದು. ‘ಅಯ್ಯೋ ಪಾಪ’ ಎನ್ನುವವನು ಜಗಲಿಯ ಮೇಲೆಯೇ ಕುಳಿತಿರುತ್ತಾನೆ. ದುಡಿಯುವ ಮಗುವಿನ ಜಾಣತನ, ನಗು, ಸಿಟ್ಟು, ಅದಕ್ಕೆ ಗೊತ್ತಿರುವ ಹಕ್ಕಿ, ಗಿಡ, ದನಗಳ ವಿದ್ಯೆ ಎಲ್ಲವೂ ಕಥೆಯಲ್ಲಿ ಬರಬೇಕು. ಎರಡನೆಯದು, ಹೆತ್ತವರನ್ನು ಖಳರನ್ನಾಗಿ ಮಾಡಬಾರದು. ಮಗನನ್ನು ಜೀತಕ್ಕೆ ಬಿಟ್ಟು ಹಿಂದಿರುಗಿದ ತಂದೆಯ ಹಿಂದೆ ಬರವಿತ್ತು, ಬಡ್ಡಿಯಿತ್ತು, ಜಾತಿಯಿತ್ತು. ಕಥೆ ಮಗುವನ್ನು ತೋರಿಸಿದರೆ ಚರಿತ್ರೆ ಇವನ್ನು ತೋರಿಸಬೇಕು. ಎರಡೂ ಕೂಡಿ ನಡೆಯಬೇಕು. ಮೂರನೆಯದು, ಮನೆಯ ಕೈಗೆಲಸಕ್ಕೂ ದುಡಿಮೆಯ ಸೆರೆಗೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಯಹೇಳಬೇಕು. ಅಮ್ಮನ ಜೊತೆ ಕುಳಿತು ನಾಲ್ಕು ಹುಣಸೆಹಣ್ಣು ಬಿಡಿಸುವುದು ತಪ್ಪಲ್ಲ. ಆ ಕೆಲಸ ಮಗುವಿನ ನಿದ್ದೆಯನ್ನು, ಆಟವನ್ನು, ಶಾಲೆಯನ್ನು ತಿನ್ನುತ್ತಿದೆಯೇ, ಸಾಕೆಂದು ಏಳುವ ಸ್ವಾತಂತ್ರ್ಯ ಮಗುವಿಗಿದೆಯೇ ಎಂದು ಕೇಳಿ ನೋಡಬೇಕು. ಈ ಪ್ರಶ್ನೆಗೆ ಉತ್ತರ ಮಕ್ಕಳಿಗೇ ಹೊಳೆಯುತ್ತದೆ.

ಮರುವರ್ಷ ನಾನು ಅದೇ ಶಾಲೆಗೆ ಮತ್ತೆ ಹೋದೆ. ಈ ಸಲ ಕಾನೂನಿನಿಂದ ಆರಂಭಿಸದೆ ನಮ್ಮ ಕೊಟ್ಟಿಗೆಯ ಕಥೆಯನ್ನು ಹೇಳಿದೆ. ನಮ್ಮ ಮನೆಯ ಕಥೆಯೆಂದು ಮುಚ್ಚಿಡಲಿಲ್ಲ. ಅವನು ಮೂರು ವರ್ಷ ನಮ್ಮಲ್ಲಿದ್ದುದನ್ನು, ನಾಲ್ಕನೆಯ ಯುಗಾದಿಗೆ ಬಾರದೆ ಹೋದುದನ್ನು, ಎಲ್ಲಿಗೆ ಹೋದನೆಂದು ನಾನು ಯಾರನ್ನೂ ಕೇಳದೆ ಇದ್ದುದನ್ನು ಹೇಳಿದೆ. ಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡಿದರು. ಯಾರ ಮನೆಯಲ್ಲಿ ಕಡಲೆಕಾಯಿ ಬಿಡಿಸುತ್ತಾರೆ, ಯಾರ ಅಣ್ಣ ಶಾಲೆ ಬಿಟ್ಟು ಬೆಂಗಳೂರಿನ ಹೋಟೆಲಿಗೆ ಹೋಗಿದ್ದಾನೆ, ಎಲ್ಲವೂ ಬಂತು. ಹಿಂದಿನ ವರ್ಷದ ಹುಡುಗಿ ಕಥೆಯ ಹುಡುಗನ ಕಂಬಳಿಯ ಬಗೆಗೆ ಕೇಳಿದಳು, ಅವನ ತಟ್ಟೆ ಎಲ್ಲಿಡುತ್ತಿದ್ದರು ಎಂದು ಕೇಳಿದಳು. ಕೊನೆಗೆ, “ತಾತ, ಆ ಹುಡುಗನ ಹೆಸ್ರೇನು?” ಎಂದಳು.

ನಮ್ಮ ಹಸುಗಳ ಹೆಸರುಗಳೆಲ್ಲ ನನಗೆ ಈಗಲೂ ನೆನಪಿವೆ. ಅವನನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಲೋ’ ಎಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆಯುತ್ತಿದ್ದೆ. ಗೊತ್ತಿಲ್ಲವೆಂದು ಮಕ್ಕಳಿಗೆ ಹೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೇಷ್ಟರು, ಆ ಹುಡುಗನಿಗೆ ಒಂದು ಹೆಸರಿಟ್ಟು ಅವನ ಮುಂದಿನ ಕಥೆಯನ್ನು ಬರೆದು ತನ್ನಿರೆಂದು ಮಕ್ಕಳಿಗೆ ಹೇಳಿದರು. ಮೂವತ್ತು ಮಕ್ಕಳು ಮೂವತ್ತು ಹೆಸರಿಟ್ಟು ಬರೆದ ಆ ಹಾಳೆಗಳು ನನ್ನ ಬಳಿ ಇವೆ. ಹೆಚ್ಚಿನವರು ಅವನನ್ನು ಶಾಲೆಗೆ ಸೇರಿಸಿದ್ದಾರೆ. ಇಬ್ಬರು ಅವನನ್ನು ಮೇಷ್ಟರನ್ನಾಗಿ ಮಾಡಿದ್ದಾರೆ. ಒಬ್ಬಳು ಮಾತ್ರ, ಅವನು ಒಂದು ದಿನ ನಮ್ಮ ಮನೆಗೆ ಬಂದು ತನ್ನ ಮೂರು ವರ್ಷದ ಸಂಬಳ ಕೇಳಿದನೆಂದು ಬರೆದಿದ್ದಾಳೆ.